ಎಡಮೊಣಕಾಲಿನ ಹರಕು

ಬ್ಲೇಡು ಬಲತೊಡೆಯ ಮೇಲೆ ಅಡ್ಡಕ್ಕೆ ಹರಿಯಿತು. ರಕ್ತ ಬರಲಿಲ್ಲ. ಬಿಳಿ ದಾರ ಹಲ್ಲು ಕಿರಿಯಿತು.

ಹಿಂಬದಿ ಕೊಯ್ಯಬಾರದೆಂದು ಸೀಮಾ ಜೀನ್ಸಿನ ಕಾಲೊಳಗೆ ಚಪಾತಿ ಮಣೆ ತೂರಿಸಿದ್ದಳು. ಮೊದಲು ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಬ್ಲೇಡು, ಆಮೇಲೆ ಹಿಮ್ಮಡಿ ತಿಕ್ಕುವ ಕಲ್ಲು. ಕೊನೆಗೆ ಸೂಜಿಯಿಂದ ನೀಲಿ ಎಳೆಗಳನ್ನು ಒಂದೊಂದಾಗಿ ಕಿತ್ತರೆ ಅಡ್ಡ ಬಿಳಿ ಎಳೆ ಮಾತ್ರ ಉಳಿಯುತ್ತವೆ. ಮೊಬೈಲು ನೋಡಿ ಕಲಿತ ವಿದ್ಯೆ. ಹೋದ ದೀಪಾವಳಿಗೆ ತನ್ನದನ್ನೇ ಹೀಗೆ ಹರಿದುಕೊಂಡು ಅಫಜಲಪುರದ ಕಾಲೇಜಿಗೆ ಹೊರಟಾಗ ಓಣಿಯ ಮುದುಕಿಯರು "ನಾಯಿ ಬೆನ್ನು ಹತ್ತಿತ್ತೇನ ಬೇ?" ಎಂದು ನಕ್ಕಿದ್ದರು. ತಿಂಗಳೊಳಗೆ ಅವರ ಮೊಮ್ಮಕ್ಕಳೇ ಪ್ಯಾಂಟು ಹಿಡಿದು ಬಾಗಿಲಿಗೆ ಬಂದರು. ಹರಿಸುವುದಿದ್ದರೆ ಸೀಮಾಳ ಕೈಯಲ್ಲೇ ಹರಿಸಬೇಕು ಎಂಬುದು ಊರಿಗೆಲ್ಲ ಗೊತ್ತು.

ಇವತ್ತಿನದು ಫ್ಯಾಷನ್ನಿಗಲ್ಲ.

ಮೊನ್ನೆ ಸೊನ್ನದ ಬ್ಯಾರೇಜಿನ ಹತ್ತಿರ, ದೌಲತರಾಯ ಸಾಹುಕಾರನ ಪಂಪಿನ ಮನೆಗೆ ಯಾರೋ ನುಗ್ಗಿ ತಾಮ್ರದ ಕೇಬಲ್ಲು ಕಿತ್ತಿದ್ದರು. ಅಡ್ಡ ಬಂದ ಕಾವಲುಗಾರ ಹುಲೆಪ್ಪನ ತಲೆ ಒಡೆದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅವನಿನ್ನೂ ಕಣ್ಣು ಬಿಟ್ಟಿಲ್ಲ. ಸಾಹುಕಾರನ ದೊಡ್ಡ ಮನೆಯಾದ ವಾಡೆಯಲ್ಲಿ ಮಾತ್ರ ಎರಡು ದಿನದಿಂದ ಕೇಬಲ್ಲಿನದೇ ಮಾತು. ಓಡಿದವನ ಪ್ಯಾಂಟು ಮುಳ್ಳುತಂತಿಗೆ ಸಿಕ್ಕು ಅಂಗೈಯಷ್ಟು ನೀಲಿ ಚೂರು ಅಲ್ಲೇ ಉಳಿದಿತ್ತು. ಎಡಮೊಣಕಾಲಿನದು ಎಂದು ಚೌಡಾಪುರದ ಟೇಲರ್ ಹುಸೇನಸಾಬ ಅಂಚಿನ ಹೊಲಿಗೆ ನೋಡಿ ಹೇಳಿದ್ದ.

ದೌಲತರಾಯ ಚಾವಡಿಯಲ್ಲಿ ಆಣೆ ಮಾಡಿದ್ದ. "ಈ ಚೂರು ಯಾವನ ಪ್ಯಾಂಟಿಗೆ ಕೂಡ್ತದೋ ಅವನೇ ಕಳ್ಳ. ಯಾವನ ಮಗಾ ಇದ್ರೂ ಪೊಲೀಸರ ಕೈಯಾಗ ನಾನೇ ಕೊಡ್ತೇನಿ."

ನಾಲ್ಕು ಗಂಟೆಗೆ ತಪಾಸಣೆ. ಅದೂ ಕೆಳಗಿನ ಓಣಿಯಲ್ಲಿ ಮಾತ್ರ. ಮೇಲಿನ ಓಣಿಯಲ್ಲಿ ಕಳ್ಳರು ಹುಟ್ಟುವುದಿಲ್ಲವಲ್ಲ!

ಕಳ್ಳನ ಹೆಸರಂತೂ ತಪಾಸಣೆಗೆ ಮೊದಲೇ ತಯಾರಿತ್ತು. ಪರಮೇಶ, ಸೀಮಾಳ ತಮ್ಮ. ಒಮ್ಮೆ ವಾಡೆಯ ಮುಂದೆ ಬೈಕಿನಿಂದ ಇಳಿಯದೆ ಹೋದವನು; ಆ ಸಿಟ್ಟು ವಾಡೆಯಲ್ಲಿ ಇನ್ನೂ ಆರಿರಲಿಲ್ಲ. ಮುಂಜಾನೆಯಿಂದ ಅವನನ್ನು, ಉಟ್ಟ ಲುಂಗಿಯಲ್ಲೇ, ಚಾವಡಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು.

"ಲಗೂ ಮಾಡು ಬೇ," ಎಂದಳು ಅವ್ವ ಕಾಶಿಬಾಯಿ. ಊರ ಬಟ್ಟೆ ಒಗೆದು ಸೋಡಾಕ್ಕೆ ಸೀಳಿದ ಅವಳ ಬೆರಳು ಬಾಗಿಲ ಚಿಲಕ ಹಿಡಿದೇ ಇದ್ದವು. ಮುಂಜಾನೆ ಈ ಜೀನ್ಸನ್ನು ಒಗೆಯುವ ಬಟ್ಟೆಯ ಗಂಟಿನ ತಳದಲ್ಲಿ ಬಚ್ಚಿಟ್ಟುಕೊಂಡು ಒಳಗೆ ತಂದಾಗಿನಿಂದ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ. "ಇನ್ನೊಂದು ನಾಕೈದು ಹರಕು ಮಾಡಿದ್ರ ಆ ಹರಕು ಅದರಾಗ ಮುಳಗ್ತದ."

"ಮುಳಗ್ತದವ್ವ."

"ಮೊಣಕಾಲಿಂದೂ ಅಗಲ ಮಾಡು. ಚೂರು ಕೂಡಬಾರದು. ಪರಮೇಶ ಉಳೀಬೇಕಂದ್ರ ಹೇಳಿದಂಗ ಮಾಡು."

ಸೀಮಾ ಐದು ಕಡೆ ಕೊಯ್ದಳು. ಐದಕ್ಕೂ ಬಿಳಿ ಎಳೆ ಬಿಡಿಸಿದಳು. ಎಡಮೊಣಕಾಲಿಗೆ ಮಾತ್ರ ಬ್ಲೇಡು ತಾಗಿಸಲಿಲ್ಲ. ಅಲ್ಲಿ ಮುಳ್ಳು ನೀಲಿ ಬಿಳಿ ಎರಡನ್ನೂ ಒಟ್ಟಿಗೇ ಕಿತ್ತಿತ್ತು.

"ತಮ್ಮನ ಕೊಲ್ತೀಯೇನ ಹುಚ್ಚಿ?"

"ಸುಮ್ಮಕಿರವ್ವ."

ಸೊಂಟಪಟ್ಟಿಯ ಒಳಮೈಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಜೀನ್ಸನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತಳು.

ನಾಲ್ಕಕ್ಕೆ ಸರಿಯಾಗಿ ಬಂದರು. ಮುಂದೆ ದೌಲತರಾಯ. ಮೈಮೇಲೆ ಕಾಶಿಬಾಯಿಯೇ ಗಂಜಿ ಹಾಕಿ ತೀಡಿದ ಬಿಳಿ ಅಂಗಿ. ಪಕ್ಕದಲ್ಲಿ ಹವಾಲ್ದಾರ. ಹಿಂದೆ ಪರಮೇಶನ ರಟ್ಟೆ ಹಿಡಿದ ಇಬ್ಬರು ಆಳುಗಳು. ಸಾಹುಕಾರನ ಮಗ ಅಮರನಾಥ ಬಿಳಿ ಪೈಜಾಮದಲ್ಲಿ ಬಂದವನೇ ಬೇವಿನ ಕಟ್ಟೆ ಹುಡುಕಿ ಕೂತ. ಓಣಿಗೆ ಓಣಿಯೇ ನೆರೆದಿತ್ತು.

ಕೇಳುವ ಮೊದಲೇ ಸೀಮಾ ಜೀನ್ಸು ಕೊಟ್ಟಳು.

ದೌಲತರಾಯ ಅದನ್ನು ಝಾಡಿಸಿ ಎತ್ತಿ ಹಿಡಿದು ನಕ್ಕ. "ನೋಡ್ರಿ, ಕಾಲೇಜು ಕಲ್ತಾಕಿ ಶಾಣ್ಯಾತನ! ಒಂದು ಹರಕು ಮುಚ್ಚಾಕ ಐದು ಹರದಾಳ." ಕಿಸೆಯಿಂದ ಚೂರು ತೆಗೆದು ಎಡಮೊಣಕಾಲಿನ ಮೇಲಿಟ್ಟ. ಎಳೆಗೆ ಎಳೆ ಕೂಡಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ.

ಕಾಶಿಬಾಯಿ ಮಗನ ಕಡೆ ಓಡಿದಳು. "ಅದು ನಂದಲ್ರಿ," ಎಂದ ಪರಮೇಶನ ಬಾಯಿಗೆ ಆಳಿನ ಏಟು ಬಿತ್ತು.

ಅಮರನಾಥ ಕಟ್ಟೆಯಿಂದ ಎದ್ದ. "ಸಾಕು ಅಪ್ಪಾ, ಸಿಕ್ತಲ್ಲ. ಇವನ್ನ ಜೀಪಿಗೆ ಹಾಕ್ರಿ. ಪ್ಯಾಂಟು ನನ್ನ ಕೈಯಾಗ ಕೊಡ್ರಿ."

"ತಡೀರಿ," ಎಂದಳು ಸೀಮಾ. "ಕೂಡ್ತಲ್ರಿ, ಸಾಹುಕಾರ್ರ? ಎಲ್ಲಾರೂ ನೋಡಿದ್ರಿಲ್ಲ? ಹವಾಲ್ದಾರ್ರ, ನೀವೂ?"

"ಕೂಡ್ತು," ಎಂದ ಹವಾಲ್ದಾರ.

"ಯಾವನ ಮಗಾ ಇದ್ರೂ ಅಂದಿದ್ರಿ."

"ಅಂದೇನಿ!" ದೌಲತರಾಯ ಗುಡುಗಿದ. "ನನ್ನ ಮಾತು ಎರಡಾಗಂಗಿಲ್ಲ."

ಸೀಮಾ ಅವನ ಕೈಯಲ್ಲಿದ್ದ ಜೀನ್ಸಿನ ಸೊಂಟಪಟ್ಟಿಯನ್ನು ಮಗುಚಿದಳು. ಒಳಮೈಯಲ್ಲಿ ಮೂರು ಕರಿ ಚುಕ್ಕೆ. ಒಬ್ಬರ ಬಟ್ಟೆ ಇನ್ನೊಬ್ಬರ ಮನೆ ಸೇರಬಾರದೆಂದು ಕಾಶಿಬಾಯಿ ಒಗೆಯುವ ಪ್ರತಿ ಬಟ್ಟೆಗೂ ಕೇರುಬೀಜದ ರಸದಲ್ಲಿ ಹಾಕುವ ಗುರುತು. ಮನೆಗೊಂದು ಗುರುತು. ಎಷ್ಟು ಕುಕ್ಕಿ ಒಗೆದರೂ ಅಳಿಯುವುದಿಲ್ಲ. ನೆರೆದವರೆಲ್ಲ ಹತ್ತಿರ ಸರಿದರು. ಅಮರನಾಥ ಒಂದು ಹೆಜ್ಜೆ ಹಿಂದೆ ಸರಿದ.

"ಹರಕು ಮುಳಗಿಸಿ ಕೊಡು, ಇಲ್ಲಂದ್ರ ನಿನ್ನ ಮಗ ಉಳಿಯಂಗಿಲ್ಲ ಅಂತ ಮುಂಜಾನಿ ಒಬ್ಬರು ನಮ್ಮವ್ವನ ಗಂಟಿಗೆ ಇದನ್ನ ತುರುಕ್ಯಾರ್ರಿ," ಎಂದಳು ಸೀಮಾ. "ಯಾರ ಮನಿ ಚುಕ್ಕಿ ಅಂತ ನಾ ಹೇಳಂಗಿಲ್ಲ."

ಅವಳು ದೌಲತರಾಯನ ಕಡೆ ತಿರುಗಿದಳು. "ನಿಮ್ಮ ಅಂಗಿ ಕಾಲರ್ ಹೊಳ್ಳಿಸಿ ಎಣಸ್ರಿ, ಸಾಹುಕಾರ್ರ; ಆಮ್ಯಾಲ ನಿಮ್ಮ ಮಗನ ಪೈಜಾಮ ಎಡಮೊಣಕಾಲಿನ ತನಕಾ ಏರಸ್ರಿ."