ಮರ ಅಡ್ಡವಿತ್ತು

ಕಂಪ್ಯೂಟರಿನೊಳಗಿನ ರೈಲನ್ನು ಓಡಿಸುತ್ತಿದ್ದ ಅಪ್ಪನ ಬೆರಳು, ತಿರುವಿನಾಚೆ ಕೆಂಪು ದೀಪ ಕಂಡದ್ದೇ ತಡ, ಕೀಲಿಮಣೆಯ ಮೇಲೆ ಹಾಗೇ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಮಗಳು ಪರದೆಯತ್ತ ಬಾಗಿದಳು.

ಒಂಬತ್ತು ಜನ ಸತ್ತ ರೈಲು ಅಪಘಾತದ ವಿಚಾರಣೆಯಲ್ಲಿ, ಆ ರೈಲನ್ನು ಓಡಿಸುತ್ತಿದ್ದ ಅಪ್ಪ ಹೇಳಿದ್ದು ಒಂದೇ ಮಾತು: ಸಿಗ್ನಲ್ಲಿಗೆ ಮರ ಅಡ್ಡವಿತ್ತು. ಕೆಲಸ ಹೋಯಿತು, ಯಾರೂ ನಂಬಲಿಲ್ಲ. ನಂಬಿದವಳು ಮಗಳೊಬ್ಬಳೇ. ಅದಕ್ಕೇ ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಆ ವರ್ಷದ ಫೋಟೊಗಳನ್ನು ಹುಡುಕಿ ತೆಗೆದು, ಅದೇ ದಾರಿಯನ್ನು ಪರದೆಯ ಮೇಲೆ ಕಟ್ಟಿದ್ದಳು. ಹಳಿಯ ಜಲ್ಲಿ, ಬಾಗಿದ ತಂತಿಬೇಲಿ, ತುಕ್ಕು ಹಿಡಿದ ನೀರಿನ ಟ್ಯಾಂಕು, ಯಾವುದನ್ನೂ ಬಿಟ್ಟಿರಲಿಲ್ಲ. ಮರದ ಎತ್ತರವನ್ನಂತೂ ಪಕ್ಕದ ಕಂಬಕ್ಕೆ ಹೋಲಿಸಿ ಅಳೆದಿದ್ದಳು. ಈಗ ದೀಪ ಆ ಮರದ ತುದಿಗಿಂತ ಮೇಲೆ ನಿಚ್ಚಳವಾಗಿ ಉರಿಯುತ್ತಿತ್ತು. ಬ್ರೇಕು ಹಾಕಲು ಬೇಕಾದಷ್ಟು ದೂರವಿತ್ತು.

"ನಾನೇ ಎಲ್ಲೋ ಎಡವಿದೀನಿ ಅಪ್ಪ. ಫೋಟೊದಲ್ಲಿ ಸರಿಯಾಗಿ ಗೊತ್ತಾಗ್ಲಿಲ್ಲ. ಮರಾನ ಇನ್ನೊಂಚೂರು ಎತ್ತರ ಮಾಡ್ತೀನಿ ತಾಳು," ಎಂದು ಅವಳು ಗಡಬಡಿಸಿ ಮೌಸಿಗೆ ಕೈ ಚಾಚಿದಳು.

ಅಪ್ಪ ಆ ಕೈಯನ್ನು ಹಿಡಿದುಕೊಂಡ.

"ಬೇಡಮ್ಮ," ಎಂದ, ಪರದೆಯಿಂದ ಕಣ್ಣು ಕೀಳದೆ. "ಅವತ್ತೂ ಅದು ಇಷ್ಟೇ ಇತ್ತು."