ಒಳಗೇ ಉಳಿಯುವ ಉಪಾಯ

ನಳಿನಿಯ ಗಂಡ ಔಷಧಿಯ ಪ್ರೋಟೀನಿಗೆ ಸಕ್ಕರೆಯ ಸರಪಳಿ ಜೋಡಿಸುವ ವಿಧಾನ ಕಂಡುಹಿಡಿದ ದೊಡ್ಡ ವಿಜ್ಞಾನಿ. ಆದರೆ ಮನೆಯಲ್ಲಿ ಅವನಿಗೆ ಕೂರಲು ಜಾಗವಿರಲಿಲ್ಲ. ಯುಗಾದಿಗೆಂದು ಬಂದ ಅವನ ಸೋದರಮಾವ ಗೌರಿಹಬ್ಬ ಹತ್ತಿರವಾದರೂ ಓದುವ ಕೋಣೆ ಬಿಟ್ಟುಕೊಟ್ಟಿರಲಿಲ್ಲ. ವಿಜ್ಞಾನವೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ನಡೆಯುತ್ತಿತ್ತು.

“ಅಲ್ಲ, ಔಷಧಿಗೆ ಸಕ್ಕರೆ ಯಾಕ್ರೀ?” ಎಂದಳು ನಳಿನಿ, ಸಾರು ಕಲಕುತ್ತ.

“ಬರೀ ಔಷಧಿ ಚುಚ್ಚಿದ್ರೆ ಮೈ ಅದನ್ನ ಬೇಗ ಹೊರಗೆ ಹಾಕಿಬಿಡುತ್ತೆ. ಸಕ್ಕರೆ ಅಂಟಿಸಿದ್ರೆ ಬಹಳ ದಿನ ಒಳಗೇ ಉಳ್ಕೊಳ್ಳುತ್ತೆ.”

ನಳಿನಿಯ ಕೈಯ ಸೌಟು ನಿಂತಿತು. ಮರ್ಯಾದೆಗೆ ಕಡಿಮೆಯಾಗಬಾರದೆಂದು ಮಾವನ ಕಾಫಿಗೆ ದಿನವೂ ಒಂದು ಚಮಚ ಸಕ್ಕರೆ ಹೆಚ್ಚೇ ಸುರಿಯುತ್ತಿದ್ದವಳು ಅವಳೇ.

ಮರುದಿನ ಬೆಳಿಗ್ಗೆ ಕಷಾಯದಂಥ ಕಾಫಿಯನ್ನು ಮಾವನ ಮುಂದಿಟ್ಟು, ಗಂಡನನ್ನೂ ಎಳೆದುಕೊಂಡು ಬಾಗಿಲಲ್ಲೇ ನಿಂತಳು. ಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಸಕ್ಕರೆ ಹಾಕಿಲ್ವೇನಮ್ಮ?”

“ಇಲ್ಲ ಮಾವ. ಇನ್ಮೇಲೆ ಈ ಮನೇಲಿ ಹೀಗೇ.”

ಮಾವ ಎದ್ದು, ಮಂಚದಡಿಯಿಂದ ಕಟ್ಟಿಟ್ಟ ಚೀಲ ಎಳೆದರು. ನಳಿನಿ ಸಂತೋಷಕ್ಕೆ ಗಂಡನ ತೋಳು ಚಿವುಟಿದಳು.

“ಮೊನ್ನೆ ಡಾಕ್ಟರು ಸಕ್ಕರೆ ಮುಟ್ಟಲೇಬೇಡಿ ಅಂದ್ರು. ನಿನಗೆ ಹೇಳೋಕೆ ಸಂಕೋಚ ಆಗಿ, ಇವತ್ತು ಊರಿಗೆ ಹೊರಟೇಬಿಡೋಣ ಅಂತ ಚೀಲ ಕಟ್ಟಿದ್ದೆ,” ಎನ್ನುತ್ತ ಮಾವ ಪಂಚೆಗಳನ್ನು ಒಂದೊಂದಾಗಿ ಹೊರತೆಗೆದು ಮತ್ತೆ ಗೂಟಕ್ಕೆ ನೇತುಹಾಕತೊಡಗಿದರು.