ನೋಡಲು ಬಂದ ಕೋಚ್

"ನೋಡಕ್ ಬರೋರ್ಗೆ ಉಪ್ಪಿಟ್ಟು, ಕೇಸರಿಬಾತು ಇಲ್ದೆ ಆದೀತೇನ್ಲಾ?" ಎಂದು ಜವರಮ್ಮ ಬೆಳಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ಬರುವವರು ಹೆಣ್ಣು ನೋಡಲಲ್ಲ, ಮೊಮ್ಮಗ ಲೋಹಿತನನ್ನು ತಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕೇಳಲು ಎಂದು ಮಗ ಜಯರಾಮ್ ಮೂರು ಸಲ ಹೇಳಿದ್ದ. "ಎಲ್ಡೂ ಒಂದೇಯ. ಅವರೂ ಮನೆ ನೋಡ್ತಾರೆ, ನಾವೂ ಮನುಷ್ಯನ್ನ ನೋಡ್ತೀವಿ" ಎಂದಿದ್ದಳು ಮುದುಕಿ. ಮಂಡ್ಯ ಬಿಟ್ಟು ಎರಡೇ ತಿಂಗಳಿಗೆ ಅಮೆರಿಕದ ಪದ್ಧತಿ ಇಷ್ಟು ಸಲೀಸಾಗಿ ಅರ್ಥವಾದದ್ದು ಆಕೆಗೊಬ್ಬಳಿಗೇ ಇರಬೇಕು.

ಜಯರಾಮನಿಗೆ ಈ ಸಂಬಂಧ ಬೇಡವಾಗಿತ್ತು. ಇಸವಿ ಎರಡು ಸಾವಿರ. ಪ್ಲೆಸೆಂಟನ್ ಊರಿನ ಅವನ ಆಫೀಸಿನಲ್ಲಿ ಕಾಫಿ ಮೆಷಿನ್ನಿನ ಮುಂದೆ ನಿಂತವರೆಲ್ಲ ಸ್ಟಾರ್ಟಪ್ಪಿನ ಮಾತೇ ಆಡುತ್ತಿದ್ದರು. ಮಗ ದೊಡ್ಡ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಓದುವುದು ಬಿಟ್ಟು, ಹೋದ ವರ್ಷ ಒಂದೇ ಪಂದ್ಯ ಗೆದ್ದ, ಆಟಕ್ಕೆಂದು ಸ್ಕಾಲರ್‌ಶಿಪ್ಪನ್ನೂ ಕೊಡದ ಸಣ್ಣ ಕಾಲೇಜಿಗೆ ಹೋಗುವುದೇ? "ಚೆಂಡು ಒದೆಯಕ್ಕೆ ಕಾಲೇಜು ಯಾಕೋ?" ಎಂದರೆ ಲೋಹಿತ್ "ಡ್ಯಾಡ್, ಪ್ಲೀಸ್" ಎನ್ನುತ್ತಿದ್ದ.

ಅಮೆರಿಕದ ಫುಟ್‌ಬಾಲಿನಲ್ಲಿ ಎಲ್ಲರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಗೋಲಿಗೆ ಒದೆಯುವವನು ಒಬ್ಬನೇ. ಹೈಸ್ಕೂಲಿನ ತಂಡದಲ್ಲಿ ಆ ಒಬ್ಬ ಲೋಹಿತ್. ಹತ್ತು ದಿನದ ಹಿಂದೆ ಪ್ರಾಕ್ಟೀಸಿನಲ್ಲಿ ಜಾರಿ ಬಿದ್ದು, ಒದೆಯುವ ಬಲಗಾಲಿನ ಮೊಣಕಾಲಿನಲ್ಲೇ ಲಿಗಮೆಂಟು ಹರಿದುಕೊಂಡಿದ್ದ. ಈಗ ಸಡಿಲ ಪ್ಯಾಂಟಿನೊಳಗೆ ಪಟ್ಟಿ ಬಚ್ಚಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದ. "ಇವತ್ತು ಹೇಳ್ಬೇಡಿ, ಡ್ಯಾಡ್" ಎಂದು ಕೈ ಹಿಡಿದು ಕೇಳಿಕೊಂಡೂ ಇದ್ದ. ಹೇಳಿಬಿಟ್ಟರೆ ಬಂದವನು ತಾನಾಗಿಯೇ ಎದ್ದು ಹೋಗುತ್ತಾನೆ ಎಂದು ಜಯರಾಮನಿಗೆ ಹೊಳೆದದ್ದೇ ಆಗ.

ಕೋಚ್ ಹ್ಯಾಲೊರನ್ ಸರಿಯಾಗಿ ಹತ್ತು ಗಂಟೆಗೆ ಬಂದ. ಕೆಲಸಕ್ಕೆ ಸೇರಿ ಆರೇ ವಾರವಾಗಿತ್ತಂತೆ. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ. ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ, ಹೇಳಿಸಿಕೊಳ್ಳದೆ ತಾನೂ ಷೂ ಬಿಚ್ಚಿದ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಕಾಲೇಜಿನ ಹೆಸರಿದ್ದ ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ.

"ಒಂದು ವಿಷಯ ಮುಚ್ಚಿಡಬಾರದು" ಎಂದು ಜಯರಾಮ್ ಶುರುಮಾಡಿದ. "ಇವನ ಮೊಣಕಾಲು ಹೋಗಿದೆ. ಆಪರೇಷನ್ ಆಗಬೇಕು. ಒಂದು ವರ್ಷ ಒದೆಯುವ ಹಾಗಿಲ್ಲ."

ಲೋಹಿತ್ ತಲೆ ತಗ್ಗಿಸಿದ. ಕಿವಿಗಳು ಕೆಂಪಗಾಗಿದ್ದವು.

"ಗೊತ್ತು. ಬಿದ್ದ ದಿನವೇ ಇವನ ಸ್ಕೂಲಿನ ಕೋಚ್ ಫೋನ್ ಮಾಡಿದ್ದರು" ಎಂದ ಹ್ಯಾಲೊರನ್.

"ಮತ್ತೆ ಯಾಕೆ ಬಂದಿರಿ?"

"ಶನಿವಾರ ಹತ್ತಕ್ಕೆ ಬರುತ್ತೇನೆ ಎಂದಿದ್ದೆನಲ್ಲ." ಕೋಚ್ ಟೋಪಿಯನ್ನು ಒಮ್ಮೆ ತಿರುಗಿಸಿದ. "ನವೆಂಬರಿನ ಕೊನೆಯ ಪಂದ್ಯದ ಟೇಪನ್ನು ಎಂಟು ಸಲ ನೋಡಿದ್ದೇನೆ. ಕೊನೆಯ ಒದೆತ ತಪ್ಪಿ ಇವರು ಸೋತರು. ಇವನ ತಪ್ಪಲ್ಲ. ಇವನು ಒದೆಯಲೆಂದು ಚೆಂಡನ್ನು ನೆಲಕ್ಕೆ ಊರಿ ಹಿಡಿಯಬೇಕಾದ ಹುಡುಗನ ಕೈ ಜಾರಿತ್ತು. ಆ ಹುಡುಗ ಅಲ್ಲೇ ಕೂತು ಅಳುತ್ತಿದ್ದ, ಇವನು ಹೋಗಿ ಎಬ್ಬಿಸಿದ. ತಪ್ಪು ತನ್ನದೇ ಎಂದು ಅವತ್ತು ಎಲ್ಲರ ಮುಂದೆ ಹೇಳಿದನಂತೆ, ಇವತ್ತಿಗೂ ಹಾಗೇ ಹೇಳುತ್ತಾನಂತೆ. ಮೊಣಕಾಲು ವಾಸಿಯಾಗುತ್ತದೆ, ಸಾರ್. ಇಂಥ ಹುಡುಗರು ಎಲ್ಲಿದ್ದಾರೆ ಅಂತ ನಾನು ಊರೂರು ತಿರುಗುತ್ತಿದ್ದೇನೆ."

ಅವತ್ತು ಕಾರಿನಲ್ಲಿ ಫ್ರೀವೇ ಉದ್ದಕ್ಕೂ "ಅಷ್ಟು ಹತ್ತಿರದಿಂದಾನೂ ಒದೆಯಕ್ಕಾಗ್ಲಿಲ್ವಲ್ಲೋ" ಎಂದು ಮಗನನ್ನು ಹಂಗಿಸಿದ್ದವನು ಜಯರಾಮನೇ. ಲೋಹಿತ್ ಕಿಟಕಿಯ ಕಡೆ ಮುಖ ಮಾಡಿಕೊಂಡು "ಸಾರಿ, ಡ್ಯಾಡ್" ಎಂದಷ್ಟೇ ಹೇಳಿದ್ದ.

"ಏನಂತ್ಲಾ ಅವಯ್ಯ?" ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ಜವರಮ್ಮ ಕೇಳಿದಳು. ಜಯರಾಮ್ ಎಲ್ಲವನ್ನೂ ಹೇಳಿದ, ಕಾರಿನಲ್ಲಿ ತಾನು ಆಡಿದ ಮಾತೊಂದನ್ನು ಬಿಟ್ಟು.

ಮುದುಕಿ ತಟ್ಟೆಯನ್ನು ಕೋಚ್‌ನ ಮುಂದಿಟ್ಟು, ಹುಟ್ಟಿನಿಂದಲೇ ಸೊಟ್ಟಗಿದ್ದ ತನ್ನ ಎಡಪಾದವನ್ನು ಸೀರೆಯಂಚಿನಿಂದ ಈಚೆಗೆ ಚಾಚಿ ಮಗನ ಕಡೆ ತಿರುಗಿದಳು. "ನನ್ ನೋಡಕ್ಕೆ ಏಳು ಕಡೆಯೋರು ಬಂದು, ಇದ ಕಂಡು ಎದ್ದೋದ್ರು. ನಿಮ್ಮಪ್ಪ ಮೊದ್ಲೇ ಗೊತ್ತಿದ್ದೂ ಬಂದ್ರು ಕಣ್ಲಾ. ಗೊತ್ತಿದ್ದೂ ಬಂದೋರ್ನ ನಮ್ಮಪ್ಪ ಬರಿಗೈಲಿ ಕಳಿಸ್ನಿಲ್ಲ."

ಕೋಚ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಸ್ಯಾನ್ ಹೋಸೆಯಲ್ಲಿ ಇನ್ನೊಬ್ಬ ಹುಡುಗನ ಮನೆಗೆ ಹೋಗಬೇಕಿತ್ತು. "ಯೋಚನೆ ಮಾಡಿ ತಿಳಿಸಿ" ಎಂದು ಎದ್ದ.

"ಒಂದು ನಿಮಿಷ" ಎಂದು ಜಯರಾಮ್ ಅಡುಗೆಮನೆಗೆ ಹೋದ. ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿಯನ್ನು ತಟ್ಟೆಯಲ್ಲಿಟ್ಟುಕೊಂಡು ಬಂದ. ಅವರ ಕಡೆ ಎಲೆ-ಅಡಿಕೆ ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ. ಆಮೇಲೆ ಯಾರೂ ಮಾತಿಗೆ ತಪ್ಪುವ ಹಾಗಿಲ್ಲ.

"ಇದೇನು?" ಎಂದು ಕೋಚ್ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡ.

"ನಮ್ಮ ಕಡೆಯ ಮಾತು. ನೀವೂ ಏನಾದರೂ ಕೊಡಬೇಕು, ಆಗಲೇ ಒಪ್ಪಿದ ಹಾಗೆ."

ಕೊಡಲು ಅವನ ಹತ್ತಿರ ಏನಿತ್ತು? ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ತನ್ನ ಟೋಪಿಯನ್ನೇ ಜಯರಾಮನತ್ತ ಚಾಚಿದ.

ಜಯರಾಮ್ ಅದನ್ನು ಮಗನ ತಲೆಗಿಟ್ಟ. ಆಮೇಲೆ ಕೇಳಿದ: "ಅವತ್ತು ಚೆಂಡು ಹಿಡಿದಿದ್ದ ಹುಡುಗ ಯಾರೋ?"

ಲೋಹಿತ್ ಟೋಪಿಯನ್ನು ಸರಿಮಾಡಿಕೊಂಡು ಅಪ್ಪನ ಮುಖ ನೋಡಿದ.

"ಹಿ ವಾಸ್ ಫೈನ್, ಡ್ಯಾಡ್. ತಪ್ಪು ನಂದೇ."